ಕಾಲು ತಾಗಿದ ಸೈಕಲ್

ನಮ್ಮ ಮಾದಿಹಳ್ಳಿಯ ಪಂಪ್‌ಸೆಟ್ ರಿಪೇರಿಯವರು ಕಾಲು ತಾಗಿದ್ದನ್ನೆಲ್ಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಸ್ಪ್ಯಾನರು, ಮೋಟರು, ಒಮ್ಮೆ ನನ್ನ ಚಪ್ಪಲಿಯನ್ನೂ. ನಕ್ಕರೆ, "ಕಾಲು ತಾಗ್ತು ಕಣ್ರೀ, ಸುಮ್ನೆ ಇರಕ್ಕಾಯ್ತದಾ?" ಎನ್ನುವರು.

ಹಳೇಬೀಡಿನ ಕೆರೆಯಂಗಳದಲ್ಲಿ ವರ್ಷಕ್ಕೊಮ್ಮೆ ಕೆಸರಿನ ಸೈಕಲ್ ರೇಸು. ಐದು ಸುತ್ತು, ಬದು ಬಂದಲ್ಲಿ ಇಳಿದು ಸೈಕಲ್ ಹೊತ್ತು ಓಡಬೇಕು. ಎಲ್ಲರಿಗಿಂತ ಮುಂದಿರುವವನು ಒಂದು ಸುತ್ತು ಹೆಚ್ಚು ಹಾಕಿ ನಿಮ್ಮನ್ನು ದಾಟಿದರೆ ನೀವು ಹೊರಗೆ. ಇವರು ಸೇರಿದ ಮೊದಲ ಮೂರು ವರ್ಷವೂ ಹೊರಗೇ. ಬಿದ್ದಾಗಲೆಲ್ಲ ಕಾಲು ಹ್ಯಾಂಡಲ್‌ಗೆ ತಾಗುತ್ತಿತ್ತಲ್ಲ!

ಕಳೆದ ಸಲ ನಾಲ್ಕನೆಯ ಸುತ್ತಿನ ಗೆರೆ ಹತ್ತು ಮಾರು ದೂರ ಇರುವಾಗ ಬಿದ್ದರು. ಮುಂದಿದ್ದ ಅರಸೀಕೆರೆಯ ಯುವಕ ತನ್ನ ಐದನೆಯ ಸುತ್ತು ಮುಗಿಸುತ್ತ ಇವರ ಬೆನ್ನಿಗೇ ಬಂದಿದ್ದ.

"ಆಮೇಲೆ ಕೈ ಮುಗೀರೀ, ಓಡ್ರೀ!" ಎಂದು ಕಿರುಚಿದೆವು.

ಅವರು ಹ್ಯಾಂಡಲ್ ಮುಟ್ಟಿ, ಕೆಸರುಗೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡೇ ಎದ್ದರು. ಯುವಕ ಬ್ರೇಕ್ ಹಿಡಿದನೋ, ಜಾರಿದನೋ. ನನ್ನ ನೆನಪು ದಿನಕ್ಕೊಂದು ಹೇಳುತ್ತದೆ. ಗೆರೆಯನ್ನು ಮೊದಲು ದಾಟಿದ್ದು ಮಾತ್ರ ಇವರೇ. ರೇಸು ಗೆದ್ದವನು ಆ ಯುವಕನೇ, ಆದರೆ ಇವರು ಮೊದಲ ಸಲ ಹೊರಬೀಳದೆ ಕೊನೆಯ ಸುತ್ತನ್ನೂ ಮುಗಿಸಿದರು.

ಖುಷಿಗೆ ಹೆಗಲಿಗೇರಿಸಿಕೊಂಡೆವು. ಅವರ ಕಾಲು ನನ್ನ ಕೆನ್ನೆಗೆ ಬಡಿಯಿತು.

"ಇಳ್ಸ್ರೀ, ಇಳ್ಸ್ರೀ!" ಎಂದು ಒದ್ದಾಡಿ ಇಳಿದವರೇ ನನ್ನ ಕೆನ್ನೆ ಮುಟ್ಟಿ ಕಣ್ಣಿಗೊತ್ತಿಕೊಂಡರು.