ಪಿಕಪ್ಪಿಗೊಂದು ಹೊರಸು

೧೯೨೬ರಲ್ಲಿ ನಾನು ಸಾಲಿ ಬಿಟ್ಟೆ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಇನ್ನೊಂದೇ ವರ್ಷ ಇತ್ತು. (ಮುಲ್ಕಿ ಆಗದವನ ಬರಹವನ್ನು ವಾರವಾರ ಅಚ್ಚು ಹಾಕುವ ನಮ್ಮ ಸಂಪಾದಕರ ಎದೆಗಾರಿಕೆ ದೊಡ್ಡದು!) ಆ ಮಳೆಗಾಲ ಧುಪದಾಳದ ಒಡ್ಡಿನ ಕೆಳಗೆ ಎತ್ತು ಹೊಡೆದುಕೊಂಡು ಹೊಳೆ ದಾಟಲು ಇಳಿದ ನಮ್ಮಣ್ಣ ದಡ ಸೇರಲಿಲ್ಲ. ಎತ್ತು ಎರಡೂ ಈಸಿ ಬಂದವು. ಅಣ್ಣ ಬರಲಿಲ್ಲ. ಹೆಣವೂ ಸಿಗಲಿಲ್ಲ. ಪಾಟಿ ಅಟ್ಟ ಸೇರಿತು, ನೇಗಿಲು ನನ್ನ ಕೈಗೆ ಬಂತು.

ಅಲ್ಲಿಂದ ಇಲ್ಲಿಯವರೆಗೆ ದುಡಿದೇ ಉಂಡಿದ್ದೇನೆ. ಗೋಕಾಕದಿಂದ ಮೂಡಲಗಿಗೆ, ಹುಕ್ಕೇರಿಗೆ ಬೆಲ್ಲದ ಪೆಂಟಿ ಹೇರಿದ್ದೇನೆ. ಮೊದಲು ಚಕ್ಕಡಿಯಲ್ಲಿ, ಆಮೇಲೆ ಲಾರಿಯಲ್ಲಿ. ಯಾರ ಬಾಗಿಲಲ್ಲೂ ಕೈಯೊಡ್ಡಿ ನಿಂತವನಲ್ಲ.

ಈ ಬೇಸಿಗೆ ನಿಂತೆ.

ಯಾಕೆ ಅಂತೀರಾ? ಲಡಾಯಿ ಮುಗಿದ ಮೇಲೆ ಬೆಳಗಾವಿ ದಂಡಿನವರು ಹಳೆಯ ಮೋಟಾರುಗಳನ್ನು ಲಿಲಾವಿಗೆ ಹಾಕಿದರಲ್ಲ, ಅದರಲ್ಲೊಂದನ್ನು ಹಿಡಿದೆ. ಮುಂದೆ ಇಬ್ಬರು ಕೂಡುವಷ್ಟು ಜಾಗ, ಹಿಂದೆ ಬಯಲು ತೊಟ್ಟಿ. ಪಿಕಪ್ ಅಂತಾರೆ. ಬೆಲ್ಲ ಹೇರಲಿಕ್ಕಲ್ಲ. ಹೊಳೆ ಬಂದಾಗ ಕೊಚ್ಚಿ ಹೋದವರನ್ನು ಹುಡುಕಲಿಕ್ಕೆ. ಗರಡಿಮನೆಯ ನಾಲ್ವರು ಪೈಲ್ವಾನರು ಪಗಾರ ಇಲ್ಲದೆ ಬರಲು ಒಪ್ಪಿದರು.

"ಮಲ್ಲಪ್ಪಣ್ಣಾ, ನಿಮ್ಮ ಇಂಜಿನ್ ನಮ್ಮಷ್ಟ ಉಣ್ಣೂದಿಲ್ಲ ಬಿಡ್ರಿ" ಎಂದ ಅವರಲ್ಲಿ ಹಿರಿಯ ಭೀಮಪ್ಪ.

"ಅದು ಉಂಡರ ಓಡತೈತಿ. ನೀ ಉಂಡರ ಮಲಗತಿ" ಎಂದೆ.

ಸಾಮಾನು ಕೂಡಿಸುವುದು ಸಲೀಸಾಯಿತು. ಮಮದಾಪುರದವರು ಬಾವಿಯ ಮಿಣಿಹಗ್ಗ ಕೊಟ್ಟರು. ಮೂಡಲಗಿಯ ಬಸಲಿಂಗಪ್ಪ ಕಾಕಾ ಒಣಗಿದ ಸೋರೆ ಬುರುಡೆ ಕೊಟ್ಟರು. ಸೊಂಟಕ್ಕೆ ಕಟ್ಟಿಕೊಂಡರೆ ಮನುಷ್ಯ ಮುಳುಗುವುದಿಲ್ಲ. ಕಂದೀಲು ಬಂದವು. ಉಳಿದದ್ದು ಒಂದೇ: ಸಿಕ್ಕವರನ್ನು ಮಲಗಿಸಿ ತರಲು ಹಗ್ಗ ಹೆಣೆದ ಒಂದು ಹೊರಸು.

ಕೇಳಿದ್ದೇ ತಡ, ಕಾಕಾರ ಮುಖ ಬೇರೆಯಾಯಿತು.

"ಹೊರಸು ಬ್ಯಾಡೋ ತಮ್ಮಾ. ಹೆಣಾ ಹೊತ್ತ ಹೊರಸು ಮತ್ತ ಹೊಸ್ತಿಲಾ ದಾಟೂದಿಲ್ಲ."

"ಜೀವಂತ ಇದ್ದಾವರನ್ನ ತರಾಕ ಕಾಕಾ!"

"ಹೊಳಿ ಯಾರನ್ನ ಜೀವಂತ ಕೊಟ್ಟೈತಿ?"

ಹೊಸದು ಮಾಡಿಸೋಣವೆಂದರೆ ಹುಕ್ಕೇರಿಯ ಬಡಿಗೇರನೂ ಉಳಿ ಕೆಳಗಿಟ್ಟ. "ಅದಕ್ಕ ನನ್ನ ಕೈ ಏಳೂದಿಲ್ರಿ" ಎಂದ.

ನಮ್ಮ ಜನ ಜಿಪುಣರೇ? ಖರೆ ಹೇಳುತ್ತೇನೆ, ಅಲ್ಲ. ಹಗ್ಗ ಕೊಡುತ್ತಾರೆ, ದೀಪ ಕೊಡುತ್ತಾರೆ. ಆದರೆ ಹೋದವರು ಉಸಿರಾಡುತ್ತ ಬಂದಾರು ಎಂಬ ನಂಬಿಕೆ? ಅದನ್ನು ಯಾರ ಮನೆಯಿಂದ ತರುವುದು?

ನಮ್ಮ ಮನೆಯಲ್ಲೇ ಒಂದು ಹೊರಸಿತ್ತು. ಕೇಳುವ ಬಾಯಿ ನನಗಿರಲಿಲ್ಲ. ಅದು ಅಣ್ಣನದು. ಅಣ್ಣನ ಹೆಂಡತಿ, ನಮ್ಮ ವೈನಿ, ಹೆಣ ಕಾಣದೆ ಬಳೆ ತೆಗೆಯುವುದಿಲ್ಲ ಎಂದು ಕೂತವರು. ತವರಿನವರು ಬಂದು ಉಡಿಕಿ ಮಾಡಿಕೊಡುತ್ತೇವೆ, ಮತ್ತೊಂದು ಮನೆ ನೋಡುತ್ತೇವೆ ಎಂದರೂ ಎದ್ದು ಹೋಗಲಿಲ್ಲ. ಪ್ರತಿ ಬೇಸಿಗೆ ಆ ಹೊರಸಿನ ಹಗ್ಗ ಬಿಗಿಯುತ್ತಾರೆ. ಯಾರನ್ನೂ ಅದರ ಮೇಲೆ ಮಲಗಗೊಡುವುದಿಲ್ಲ. (ನಾನೂ ಒಮ್ಮೆ ಜ್ವರದಲ್ಲಿ ಮಲಗಿ ಬೈಸಿಕೊಂಡಿದ್ದೇನೆ.)

ಕಳೆದ ಸೋಮವಾರ ವೈನಿ ತಾವೇ ಅದನ್ನು ಅಂಗಳಕ್ಕೆ ಎಳೆದು ತಂದರು.

"ಮಲ್ಲೂ, ಒಯ್ಯಿ ಇದನ್ನ."

"ಬ್ಯಾಡ್ರಿ ವೈನೀ. ಹೆಣಾ ಬಂತಂದ್ರ ಇದು ಮತ್ತ ಒಳಗ ಬರೂದಿಲ್ಲ."

"ಗೊತ್ತೈತಿ. ಇದ್ದರ ಇದ್ದಾನು, ಸತ್ತರ ಸತ್ತಾನು. ಯಾವದರ ಒಂದು ಗೊತ್ತಾಗ್ಲಿ ಹೋದಾವನ ಮನಿಯಾಕಿಗೆ. ನನ್ನಂಗ ವರ್ಷಾ ವರ್ಷಾ ಹಗ್ಗಾ ಬಿಗಕೋತ ಕುಂಡ್ರೂದು ಬ್ಯಾಡ."

ಹೇಳಿ ಒಳಗೆ ಹೋದರು. ನಾನು ಅಂಗಳದಲ್ಲೇ ನಿಂತೆ. ಈ ಮನೆಯಲ್ಲಿ ಕಾಯುತ್ತಿರುವವರು ವೈನಿ ಒಬ್ಬರೇ ಎಂದು ತಿಳಿದಿದ್ದೆ. ಹೊರಸು ಎತ್ತಲು ಹೋದರೆ ನನ್ನ ಕೈಯೇ ಏಳಲೊಲ್ಲದು.

ಕೊನೆಗೆ ಭೀಮಪ್ಪ ಬಂದು ಎತ್ತಿದ. ತೊಟ್ಟಿಯಲ್ಲಿಟ್ಟರೆ ಎರಡು ಗೇಣು ಹೊರಗೆ! ಹಿಂದಿನ ಹಲಗೆ ಮುಚ್ಚುವುದಿಲ್ಲ. ಅವನು ಗರಗಸ ತಂದ.

"ಕೊಯ್ದು ಗಿಡ್ಡ ಮಾಡಿಬಿಡೂಣ್ರಿ. ಇಷ್ಟ ಉದ್ದ ಯಾಕ ಬೇಕು?"

"ಕೊಯ್ಯಬ್ಯಾಡ. ಉದ್ದನ್ನ ಆಳು ಸಿಕ್ಕರ ಏನ ಮಾಡ್ತಿ?"

"ಉದ್ದಂದ್ರ ಎಷ್ಟರಿ?"

ಅಣ್ಣ ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರುತ್ತಿದ್ದವನು. ನಾನು ಕೈಯನ್ನು ನನ್ನ ತಲೆಯ ಮೇಲೆ ಒಂದು ಗೇಣು ಎತ್ತಿ ತೋರಿಸಿದೆ. ಭೀಮಪ್ಪ ಆ ಕೈಯನ್ನು ನೋಡಿದ, ನನ್ನ ಮುಖ ನೋಡಿದ. ಗರಗಸ ಒಳಗಿಟ್ಟು ಬಂದ. ಹಲಗೆ ತೆರೆದೇ ಇರಲೆಂದು ಎರಡೂ ಬಾಜೂ ಸರಪಳಿ ಕಟ್ಟಿದೆವು.

ಮಿರಗದ ಮುಂಗಾರು ಮಳೆ ಇನ್ನೇನು ಬಂತು. ಈಗ ನನ್ನ ಹತ್ತಿರ ಇರುವುದಿಷ್ಟು: ಪಿಕಪ್ ಒಂದು. ಪೈಲ್ವಾನರು ನಾಲ್ವರು. ಮಿಣಿ ಎರಡು. ಬುರುಡೆ ಎಂಟು. ಕಂದೀಲು ಮೂರು. ಉದ್ದನ್ನ ಹೊರಸು ಒಂದು, ಖಾಲಿ.