ಹಗ್ಗ ಕಟ್ಟುವ ಜಾಗ

ಮುಂಬಯಿಯ ಪವಾಯಿಯಲ್ಲಿರುವ ನಮ್ಮ ಬಿಲ್ಡಿಂಗಿನಲ್ಲಿ ಕಿಟಕಿ ಒರೆಸುತ್ತಿದ್ದವನಿಗೆ ಭಯವೇ ಇರಲಿಲ್ಲ, ಅದಕ್ಕೇ ಬಿದ್ದು ಸತ್ತ ಅನ್ನುತ್ತಾರೆ. ಭಯವಿಲ್ಲದವನು ಕಿಟಕಿಯ ಹೊರಗಿನ ಸಜ್ಜಾದ ಮೇಲೆ ಇಳಿಯುವ ಮುಂಚೆ ಪ್ರತಿಸಲ ಅದನ್ನು ಕಾಲಿನಿಂದ ಒತ್ತಿ ನೋಡುತ್ತಿದ್ದನೇ? "ಏನೂ ಆಗಂಗಿಲ್ರಿ ಅಕ್ಕಾರ" ಎನ್ನುತ್ತಿದ್ದದ್ದು ನಮ್ಮಮ್ಮನ ಸಮಾಧಾನಕ್ಕೆ.

ಈ ದೀಪಾವಳಿಯ ಸಫಾಯಿಗೆ ಸೊಸೈಟಿಯವರು ಸೇಫ್ಟಿ ಬೆಲ್ಟ್ ತಂದುಕೊಟ್ಟರು. ಅವನು ಹಾಕಿಕೊಂಡು, "ಇದರ ಹಗ್ಗ ಎಲ್ಲಿ ಕಟ್ಲಿರಿ ಸಾಹೇಬ್ರ? ಗೋಡ್ಯಾಗ ಕೊಕ್ಕಿ ಒಂದೂ ಇಲ್ಲಲ್ರಿ" ಎಂದ. "ಹೊಸ ಪೇಂಟ್ ಕಣಯ್ಯ, ಗೋಡೆ ಕೊರೆಯೋಕಾಗುತ್ತಾ? ಹುಷಾರಾಗಿ ಮಾಡು" ಎಂದರು ಮೈಸೂರಿನವರಾದ ಸೊಸೈಟಿ ಸೆಕ್ರೆಟರಿ. ಬೆಲ್ಟ್ ಹಾಕಿದವನ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಕಳಿಸಿದರು. ಹಗ್ಗವನ್ನು ಸೊಂಟಕ್ಕೇ ಸುತ್ತಿಕೊಂಡು ಇಳಿದವನು ಅಂದೇ ಜಾರಿ ಬಿದ್ದ.

ಸೆಕ್ರೆಟರಿ ಈಗಲೂ "ಬೆಲ್ಟ್ ಕೊಟ್ಟಿದ್ದೆವಲ್ಲ" ಅನ್ನುತ್ತಾರೆ. ಸರಿ ಅಂಕಲ್, ನಾಳೆ ಬರುವ ಹೊಸಬನ ಹಗ್ಗವನ್ನು ಎಲ್ಲಿ ಕಟ್ಟಿಸುತ್ತೀರಿ?