ಒಂಬತ್ತು ವರ್ಷ ಹಳೆಯದಾದ ಹೊಸ ಬಟ್ಟೆ

ಬೆಳಗಿನ ಐದು ಗಂಟೆ. ಕಡಕೊಳದ ಮುಚ್ಚಿಹೋದ ಕಾರ್ಖಾನೆಯೊಂದರ ಶೆಡ್ಡಿನಲ್ಲಿ ಗಗನಯಾತ್ರಿಯ ಉಡುಪೊಂದು ಕೊಕ್ಕೆಗೆ ನೇತುಬಿದ್ದಿದೆ, ತಲೆಯಿಲ್ಲದ ಮನುಷ್ಯನಂತೆ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತ ಚೆಲುವಮ್ಮ ಮಂಡಿಯ ಜಾಗಕ್ಕೆ ಉಜ್ಜುಕಲ್ಲು ತಿಕ್ಕುತ್ತಿದ್ದಾರೆ. ಆ ಪರಪರ ಸದ್ದಿಗೆ ನಂಜನಗೂಡಿನವರೆಗಿನ ನಾಯಿಗಳೆಲ್ಲ ಎದ್ದು ಕೂತಿವೆ ಎಂದರೆ ನೀವು ನಂಬಲೇಬೇಕು. ಸುಳ್ಳು ಹೇಳುವುದಾದರೆ ನಾನು ಊಟಿಯವರೆಗೂ ಹೋಗುತ್ತಿದ್ದೆ. ಮೊಣಕೈಗೆ ಇಟ್ಟಿಗೆ ಪುಡಿ, ಕತ್ತುಪಟ್ಟಿಗೆ ಟೀ ಡಿಕಾಕ್ಷನ್. ಹೊಚ್ಚಹೊಸ ಬಟ್ಟೆಯನ್ನು ಮುದಿಯಾಗಿಸುವುದು ಈ ಅರವತ್ತರ ಹೆಂಗಸಿನ ಕೆಲಸ.

ಇಲ್ಲಿ ತಯಾರಾಗುತ್ತಿರುವುದು ಒಂದು ವಿಜ್ಞಾನ ಸಿನಿಮಾದ ಎರಡನೇ ಭಾಗ. ಹೆಸರು ಬಾಯಿಬಿಡಬಾರದೆಂದು, ವರದಿಗೆ ಬಂದ ನನ್ನಿಂದ ಚಾಮುಂಡಿಯ ಮೇಲೆ ಆಣೆ ಹಾಕಿಸಿಕೊಂಡಿದ್ದಾರೆ. ಮೊದಲ ಭಾಗದ ಕೊನೆಯಲ್ಲಿ ನೌಕೆಯ ನಾಯಕಿಯ ಉಡುಪು ಸೊಂಟದ ಹತ್ತಿರ ಹರಿದು, ಅದನ್ನು ಒತ್ತಿಹಿಡಿದ ಅವಳ ಬಲಗೈ ಬೆರಳುಗಳೇ ಕೊರೆವ ಚಳಿಗೆ ಹೋದಾಗ ಪ್ರೇಕ್ಷಕರು ಕುರ್ಚಿಯ ಕೈಗಳನ್ನು ಕಡಿದು ತಿಂದಿದ್ದರು. ಎರಡನೇ ಭಾಗದ ಕಥೆ ಶುರುವಾಗುವುದು ಒಂಬತ್ತು ವರ್ಷದ ನಂತರ. ಅದಕ್ಕೆಂದು ತರಿಸಿದ ಉಡುಪೋ, ಸ್ಟೀಲ್ ಅಂಗಡಿಯಂತೆ ಫಳಫಳ.

ಚೆಲುವಮ್ಮ ಶ್ರೀರಾಂಪುರದ ಬಸ್ ನಿಲ್ದಾಣದ ಪಕ್ಕ ಇಪ್ಪತ್ತೆಂಟು ವರ್ಷದಿಂದ ಹರಿದ ಬಟ್ಟೆ ಹೊಲಿಯುವವರು. ಇಲ್ಲಿಗೆ ಜಿಪ್ ಹಾಕಿಕೊಡಲು ಬಂದ ಅವರು ಆ ಉಡುಪನ್ನು ನೋಡಿ ನಿರ್ದೇಶಕ ಅಭಿಲಾಷ್ ಅವರನ್ನು ಒಂದೇ ಒಂದು ಮಾತು ಕೇಳಿದರಂತೆ: "ಸಾರ್, ಆ ಎಣ್ಮಗ್ಳು ಒಂಬತ್ತ್ ವರ್ಸ ಆಕಾಸದಲ್ಲಿದ್ಲು ಅಂತೀರಿ. ಅಲ್ಲಿ ಯಾವ ಟೈಲರ್ ಇಂಗೆ ಹೊಲ್ದುಕೊಟ್ಟ?"

"ಅವತ್ತೇ ಉಡುಪನ್ನ ಅವರ ಕೈಗೇ ಕೊಟ್ಟೆ," ಎನ್ನುತ್ತಾರೆ ಅಭಿಲಾಷ್. "ಮೊದಲನೇ ಭಾಗದಲ್ಲಿ ಜನ ಹೊಸದನ್ನ ಕಂಡು ಹೆದರ್ತಾರೆ. ಎರಡನೇದರಲ್ಲಿ ಹಳೇದು ನೆನಪಾಗಿ ಹೆದರ್ಬೇಕು. ಆ ಹರಿದ ಜಾಗ ಹಾಗೇ ಇಲ್ದಿದ್ರೆ ನನ್ನ ಕಥೆನೇ ಸುಳ್ಳು."

ಅಂದಿನಿಂದ ನಲವತ್ತು ಒಗೆತ, ಇನ್ನೂರ ಹನ್ನೆರಡು ಹೊಲಿಗೆ. ಅಷ್ಟೂ ಎಡಗೈಯವು. "ಬಲಗೈ ಬೆರಳಿಲ್ದೋಳು ಇನ್ನೆಂಗೆ ಹೊಲಿದಾಳು? ನಾನೂ ಎಡಗೈಲೇ ಹೊಲ್ದೆ. ಸೊಟ್ಟಸೊಟ್ಟ ಬಂತು, ಅಂಗೇ ಬುಟ್ಟೆ. ದಾರದ ತುದಿನೂ ಉದ್ದುಕ್ಕೇ ಬುಟ್ಟೆ. ಅವಳು ಒಂದ್ ಕೈಲಿ ದಾರ ಇಡ್ಕೊಂಡು ಕತ್ರಿ ಯಾವುದ್ರಲ್ಲಿ ಇಡೀತಾಳೆ?"

ಇಷ್ಟು ಹೇಳುವಾಗ ಮುಖದಲ್ಲಿದ್ದ ಜಂಬ, ಉಡುಪು ಹಾಕಿಕೊಳ್ಳುವವರು ಬಂದು ನಿಂತ ಕೂಡಲೇ ಇಳಿದುಹೋಗುತ್ತದೆ. ನಾಯಕಿಯ ಬದಲಿಗೆ ನಲವತ್ತು ಅಡಿ ಎತ್ತರದಲ್ಲಿ ತಂತಿಗೆ ತೂಗುವವಳು ಅವರ ಸ್ವಂತ ಮಗಳು, ಇಪ್ಪತ್ತನಾಲ್ಕರ ಸುಚಿತ್ರಾ. ಉಡುಪಿನ ಸೊಂಟದ ಎರಡೂ ಬದಿಗೆ ಸೀಳು. ತಂತಿ ಅದರೊಳಗೆ ಹೋಗಿ ಒಳಗಿನ ಬೆಲ್ಟಿನ ಬೀಗಕ್ಕೆ ಕೂರಬೇಕು. "ಹರ್ದಂಗೆ ಕಾಣ್ಬೇಕು, ಹರೀಬಾರ್ದು. ಎಂಟ್ ದಿನದಿಂದ ಅನ್ನ ಸೇರ್ತಿಲ್ಲ ಕಣಪ್ಪ," ಎಂದು ನನ್ನ ಕಿವಿಯಲ್ಲಿ ಪಿಸುಗುಡುತ್ತಾರೆ.

"ಅವ್ವ, ನನ್ನ ಮದ್ವೆ ಸೀರೆಗೂ ಇಟ್ಟಿಗೆ ಪುಡಿ ಉಜ್ಜ್ಬುಡ್ಬೇಡ," ಎನ್ನುತ್ತಾಳೆ ಮಗಳು.

"ಬಾಯ್ ಮುಚ್ಕೊಂಡು ಕೈ ಎತ್ತು."

ಆರೂಕಾಲಕ್ಕೆ ಒಡೆದ ಚಾವಣಿಯಿಂದ ಬಿಸಿಲಿನ ಕೋಲು ಇಳಿಯುತ್ತದೆ. ಇಪ್ಪತ್ತು ನಿಮಿಷ ಮಾತ್ರ ಆ ಬೆಳಕು. ಸುಚಿತ್ರಾ ಮೇಲೇರಿ, ತಲೆಕೆಳಗಾಗಿ, ನಿಧಾನ ತಿರುಗುತ್ತಾಳೆ. ಕೆಳಗೆ ಅರವತ್ತು ಜನ, ಅರವತ್ತು ಜನರ ಉಸಿರು ಬಂದ್. ಹದ್ದಿಗೂ ಕನ್ನಡಕ ಬೇಕಾಗುವ ಆ ದೂರದಿಂದ ಚೆಲುವಮ್ಮ ಏನು ಕಂಡರೋ, ಕಿರುಚುತ್ತಾರೆ: "ಇಳ್ಸಿ! ಇಳ್ಸ್ರೀ ಅವಳ್ನ!"

"ಚೆಲುವಕ್ಕ, ಶಾಟ್ ನಡೀತಿದೆ!" ಎನ್ನುತ್ತಾರೆ ಅಭಿಲಾಷ್.

"ಸೊಂಟದತ್ರ ಮೂರ್ ಮಡಿಕೆ ಬೀಳ್ಬೇಕು, ಎರಡೇ ಬಿದ್ದದೆ. ಬಟ್ಟೆ ಎಲ್ಲೋ ಸಿಕ್ಕಾಕೊಂಡದೆ. ಇಳ್ಸಿ!"

ಆ ನಲವತ್ತು ಅಡಿ ಇಳಿಯುವಷ್ಟರಲ್ಲಿ ನನ್ನ ಅರ್ಧ ತಲೆಗೂದಲು ನರೆಯಿತು. ಉಳಿದರ್ಧ ಮೊದಲೇ ನರೆತಿತ್ತು. ಆದರೆ ಮುಂದಿನದನ್ನು ಒಂದಕ್ಷರವೂ ಉಬ್ಬಿಸದೆ ಹೇಳುತ್ತೇನೆ. ಎಡಸೊಂಟದ ಬೀಗ ಅರ್ಧ ಮಾತ್ರ ಕೂತಿದೆ. ಅದರ ಬಾಯಲ್ಲಿ ದಾರದ ಒಂದು ತುದಿ. ಚೆಲುವಮ್ಮ ಬೇಕೆಂದೇ ಉದ್ದಕ್ಕೆ ಬಿಟ್ಟದ್ದು.

"ಕ್ಲಿಕ್ ಅಂತ ಸದ್ದು ಬಂದಿತ್ತು, ಅಕ್ಕ," ಎನ್ನುತ್ತಾನೆ ತಂತಿ ಕಟ್ಟುವ ನಾಗೇಂದ್ರ. ಚೆಲುವಮ್ಮ ಆ ದಾರದ ತುದಿ ಹಿಡಿದು ನೆಲದಲ್ಲೇ ಕೂರುತ್ತಾರೆ. "ನನ್ ಕೈಯಾರೆ... ನಾನೇ ಬುಟ್ಟಿದ್ದು..."

"ಬಿಡಿ ಅಕ್ಕ, ಬೊಂಬೆ ಕಟ್ಟಿ ತೂಗಿಸೋಣ," ಎನ್ನುತ್ತಾರೆ ಅಭಿಲಾಷ್.

"ಬೊಂಬೆ ಹೆದರಲ್ಲ ಸಾರ್," ಎನ್ನುತ್ತಾಳೆ ಸುಚಿತ್ರಾ. "ಅದು ಹೆದರದಿದ್ರೆ ನೋಡೋರೂ ಹೆದರಲ್ಲ. ಅವ್ವ, ಏಳು. ಹೊಲಿ."

ಚೆಲುವಮ್ಮ ತುದಿಯನ್ನು ಒಳಕ್ಕೆ ಮಡಿಸಿ ಹೊಲಿಯುತ್ತಾರೆ. ಈಗಲೂ ಸೂಜಿ ಎಡಗೈಯಲ್ಲೇ. ಆಮೇಲೆ ನಾಗೇಂದ್ರನನ್ನು ಪಕ್ಕಕ್ಕೆ ಸರಿಸಿ, ಎರಡೂ ಬೀಗಗಳ ಸುತ್ತ ತಾವೇ ಬೆರಳಾಡಿಸಿ ನೋಡುತ್ತಾರೆ. ಬಿಸಿಲಿನ ಕೋಲು ಆಗಲೇ ಪಕ್ಕಕ್ಕೆ ಸರಿಯುತ್ತಿದೆ. ಸುಚಿತ್ರಾ ಮತ್ತೆ ಮೇಲೇರುತ್ತಾಳೆ. ಕೆಳಗೆ ತಾಯಿ ಜಪದಂತೆ ಮಡಿಕೆ ಎಣಿಸುತ್ತಾರೆ: "ಒಂದು... ಎರಡು..." ಉಡುಪು ತಿರುಗುತ್ತದೆ. "ಮೂರು."

ಮಗಳ ಕಾಲು ನೆಲ ಮುಟ್ಟಿದ ಮೇಲೆ ಅಭಿಲಾಷ್ ತೆಗೆದ ದೃಶ್ಯವನ್ನು ತೋರಿಸಲು ಕರೆಯುತ್ತಾರೆ. ಚೆಲುವಮ್ಮ ಹೋಗುವುದಿಲ್ಲ. ಮೂರನೇ ಭಾಗವೂ ಬರುತ್ತದಂತೆ, ನಿಮಗೇನಾದರೂ ಆಸೆ ಇದೆಯೇ ಎಂದು ನಾನು ಕೇಳುತ್ತೇನೆ. ಮಗಳ ಬೆನ್ನಿನ ಜಿಪ್ ಬಿಚ್ಚುತ್ತಲೇ ಹೇಳುತ್ತಾರೆ:

"ಆ ಎಣ್ಮಗ್ಳನ್ನ ನೆಲದ್ ಮೇಲೆ ನಡ್ಸಕ್ಕೇಳಪ್ಪ ಅವ್ರಿಗೆ. ಚಪ್ಲಿ ಎಷ್ಟ್ ಜೊತೆ ಬೇಕಾದ್ರೂ ಸವೆಸ್ಕೊಡ್ತೀನಿ."